ಏಳು ಯೂನಿಟ್ ಎಲ್ಲಿ ಹೋಯಿತು?

ನಮ್ಮ ಮನೆಯ ಮೆಟ್ಟಿಲ ಕೆಳಗೆ, ಸೋಲಾರ್ ಇನ್ವರ್ಟರ್ ಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ನೂರು ಪುಟದ ಒಂದು ನೋಟ್‌ಪುಸ್ತಕ ನೇತಾಡುತ್ತಿರುತ್ತದೆ. ದಿನಾ ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಆ ದಿನದ ಉತ್ಪಾದನೆ ನೋಡಿ ಅದರಲ್ಲಿ ಬರೆದಿಡುವುದು ನನ್ನ ಕೆಲಸ. ತಾರೀಖು, ಯೂನಿಟ್, ಷರಾ. ಷರಾ ಎಂಬಲ್ಲಿ ‘ಮೋಡ’, ‘ಸಂಜೆ ಮಳೆ’, ‘ಎರಡು ಗಂಟೆ ಕರೆಂಟ್ ಇಲ್ಲ’ ಇಂಥವು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದ ಕೈಗೆ ಇಷ್ಟಾದರೂ ಕೆಲಸ ಬೇಕಲ್ಲ. ಮೊಬೈಲಿನಲ್ಲೇ ಎಲ್ಲ ನೋಡಬಹುದು ಎಂದು ಮಗ ಹೇಳುತ್ತಾನೆ. ಆದರೆ ಮೊಬೈಲಿಗೆ ಸುದ್ದಿ ಕಳಿಸುವ ಕಡ್ಡಿ ಕೆಟ್ಟು ಎರಡು ವರ್ಷವಾಯಿತು. ನನ್ನ ಪುಸ್ತಕ ಕೆಟ್ಟಿಲ್ಲ.

ಆ ಪುಸ್ತಕದ ಒಂದು ಪುಟ ಹೀಗಿದೆ. ಫೆಬ್ರುವರಿ 3, ಸೋಮವಾರ: 14.1. ಮಂಗಳವಾರ: 13.9. ಬುಧವಾರ: 14.0. ಫೆಬ್ರುವರಿ 6, ಗುರುವಾರ: 9.8. ಶುಕ್ರವಾರ: 7.0.

ಐದೂ ದಿನ ಷರಾ ಒಂದೇ: ‘ಬಿಸಿಲು ಚೆನ್ನಾಗಿದೆ’.

ನಮ್ಮದು ತುಮಕೂರು. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇರುವುದು ಮಕ್ಕಳಿಗೆಲ್ಲ ಗೊತ್ತು. ನನ್ನದು ತಾರಸಿಯ ಮೇಲೆ ಮುಂದಿನ ಸಾಲಿನಲ್ಲಿ ಐದು, ಹಿಂದಿನ ಸಾಲಿನಲ್ಲಿ ಐದು, ಹೀಗೆ ಹತ್ತೇ ಪ್ಯಾನೆಲ್. ಒಂದೊಂದು 330 ವಾಟ್, ಒಟ್ಟು 3.3 ಕಿಲೋವಾಟ್. ನನ್ನ ಮನೆಯಂಥ ಆರು ಲಕ್ಷಕ್ಕೂ ಹೆಚ್ಚು ಮನೆಗಳು ಸೇರಿದರೆ ಒಂದು ಪಾವಗಡ. ಆದರೂ ಫೆಬ್ರುವರಿಯ ತಿಳಿ ಬಿಸಿಲಿಗೆ ದಿನಕ್ಕೆ ಹದಿನಾಲ್ಕು ಯೂನಿಟ್ ಕೊಡುತ್ತದೆ. ಸಾವಿರ ವಾಟಿನ ಒಂದು ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಮ್ಮ ಖರ್ಚಿಗೆ ಆರೇಳು ಸಾಕು. ಉಳಿದದ್ದು ಎರಡೂ ಕಡೆ ತಿರುಗುವ ಮೀಟರಿನ ಮೂಲಕ ಬೀದಿಯ ತಂತಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮಾ ಆಗುತ್ತದೆ.

ಹದಿನಾಲ್ಕು ಇದ್ದದ್ದು ಏಳಾಯಿತು. ಶುಕ್ರವಾರ ಸಂಜೆ ಆ ಅಂಕಿ ಬರೆದವನೇ ತಾರಸಿಗೆ ಹೋಗಿ ನಿಂತೆ. ಪಕ್ಕದ ಮನೆಯ ಸಂಪಿಗೆ ಮರದ ನೆರಳು ಪ್ಯಾನೆಲ್‌ಗಳ ಮೇಲೆ ಉದ್ದಕ್ಕೆ ಮಲಗಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಇಪ್ಪತ್ತೆಂಟು ವರ್ಷದ ನೆರೆ. ಆ ಮರ ಅವರ ದಿವಂಗತ ಪತ್ನಿ ನೆಟ್ಟದ್ದು. ಅದರ ಒಂದು ದೊಡ್ಡ ಕೊಂಬೆ ನಮ್ಮ ತಾರಸಿಯತ್ತ ಬಾಗಿತ್ತು. ಹೂವಿನ ಕಾಲದಲ್ಲಿ ನನ್ನ ಹೆಂಡತಿ ಕೈ ಚಾಚಿ ದೇವರಿಗೆ ಹೂ ಕೀಳುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಗೇಟಿನ ಹತ್ತಿರ ಮೇಷ್ಟ್ರು ಕಂಡಾಗ, “ನಿಮ್ಮ ಮರ ನನ್ನ ಅರ್ಧ ಕರೆಂಟು ತಿಂತಾ ಇದೆ ಸ್ವಾಮಿ” ಅಂದೆ. ಹೇಳಿದ ಧಾಟಿ ಚೆನ್ನಾಗಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹಾಗಾದರೆ ಕಡಿಸೋಣ ಬಿಡಿ” ಅಂದು ಒಳಗೆ ಹೋದರು. ವಾದ ಮಾಡಿದ್ದರೆ ಒಳ್ಳೆಯದಿತ್ತು.

ಶನಿವಾರ ಬೆಳಿಗ್ಗೆ ಪೈಪು ಹಿಡಿದು ಪ್ಯಾನೆಲ್ ತೊಳೆದೆ. ಎಪ್ಪತ್ತನಾಲ್ಕರ ಮುದುಕ ಒದ್ದೆ ತಾರಸಿಯ ಮೇಲೆ ಏನು ಸರ್ಕಸ್ ಮಾಡುವುದು ಎಂದು ಕೆಳಗಿನಿಂದ ಬೈಗುಳ ಬರುತ್ತಲೇ ಇತ್ತು. ಸಂಜೆ ನೋಡಿದರೆ 7.1. ಅಷ್ಟು ಧೂಳು ತೊಳೆದದ್ದಕ್ಕೆ ಸಿಕ್ಕಿದ ಸಂಬಳ ಅರೆಪಾವು ಯೂನಿಟ್ಟೂ ಅಲ್ಲ. ನಾನು ತೊಳೆಯುತ್ತಿದ್ದಾಗಲೇ ಪಕ್ಕದ ಕಾಂಪೌಂಡಿನಲ್ಲಿ ಕೊಡಲಿ ಸದ್ದು ಕೇಳಿಸಿತ್ತು. ಬಾಗಿದ ಕೊಂಬೆ ಅವತ್ತೇ ನೆಲಕ್ಕೆ ಬಿತ್ತು. ಉಳಿದ ಮರಕ್ಕೆ ಸೋಮವಾರ ಆಳು ಬರುತ್ತಾರೆ ಎಂದು ಮೇಷ್ಟ್ರು ಕೆಲಸದವಳ ಕೈಲಿ ಹೇಳಿಕಳಿಸಿದರು. ಖುದ್ದಾಗಿ ಬರಲಿಲ್ಲ.

ಭಾನುವಾರ ಮಗನ ಮನೆಯಿಂದ ಮೊಮ್ಮಗಳು ಬಂದಳು. ಏಳನೇ ತರಗತಿ. ಪುಸ್ತಕ ತೆಗೆದು ನೋಡಿದವಳು ಕೇಳಿದ್ದು ಒಂದೇ ಪ್ರಶ್ನೆ.

“ತಾತಾ, ಬುಧವಾರ ಹದಿನಾಲ್ಕು, ಶುಕ್ರವಾರ ಏಳು. ಮರ ಎರಡು ದಿನದಲ್ಲಿ ಅಷ್ಟು ಬೆಳೀತಾ?”

ನಾಚಿಕೆಯಾಯಿತು. ಯಾಕೆಂದರೆ ಇಂಥ ಪ್ರಶ್ನೆ ಕೇಳುವುದೇ ನನ್ನ ವೃತ್ತಿಯಾಗಿತ್ತು. ಕಂಪ್ಯೂಟರ್ ಬರುವ ಮೊದಲು ಸಂಜೆ ಜಮೆ, ಖರ್ಚು ಎರಡೂ ಸಮನಾಗದೆ ನಾವ್ಯಾರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಬಂದರೆ ಅನುಭವಸ್ಥ ಗುಮಾಸ್ತ ಮೊದಲ ಪುಟದಿಂದ ಹುಡುಕುತ್ತ ಕೂರುವುದಿಲ್ಲ. ಮೊದಲು ವ್ಯತ್ಯಾಸವನ್ನೇ ನೋಡುತ್ತಾನೆ. ಅದು ಒಂಬತ್ತರಿಂದ ಭಾಗವಾದರೆ ಯಾರೋ 54 ಎನ್ನುವುದನ್ನು 45 ಎಂದು ತಿರುಗುಮುರುಗು ಬರೆದಿರಬಹುದು. (ಮಕ್ಕಳೇ, ಎರಡಂಕಿಯ ಯಾವ ಸಂಖ್ಯೆಯನ್ನಾದರೂ ತಿರುಗಿಸಿ ಕಳೆದು ನೋಡಿ, ಒಂಬತ್ತು ಬಿಡುವುದೇ ಇಲ್ಲ.) 900 ರೂಪಾಯಿ ವ್ಯತ್ಯಾಸ ಬಂದರೆ ಅದರ ಅರ್ಧ 450 ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆವು, ಖರ್ಚಿಗೆ ಬರೆಯಬೇಕಾದ 450ನ್ನು ಜಮೆಗೆ ಬರೆದರೆ ಲೆಕ್ಕ ತಪ್ಪುವುದು ಅದರ ಎರಡರಷ್ಟು. ಹೀಗೆ ತಪ್ಪಿನ ಮೊತ್ತವೇ ತಪ್ಪಿನ ವಿಳಾಸ ಹೇಳುತ್ತದೆ. ಬ್ಯಾಂಕಿನಲ್ಲಿ ಇಷ್ಟು ಬಲ್ಲವನು ಮನೆಯಲ್ಲಿ ವ್ಯತ್ಯಾಸ ನೋಡುವ ಮೊದಲೇ ಕಳ್ಳನ ಹೆಸರು ಬರೆದುಬಿಟ್ಟಿದ್ದೆ.

ಸರಿ, ಇಬ್ಬರೂ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆವು. ಎರಡೆರಡು ಗಂಟೆಗೊಮ್ಮೆ ಆವರೆಗಿನ ಉತ್ಪಾದನೆ ಬರೆಯುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಹತ್ತಕ್ಕೆ 0.8. ಮಧ್ಯಾಹ್ನ ಹನ್ನೆರಡಕ್ಕೆ 2.8. ಎರಡಕ್ಕೆ 5.1. ನಾಲ್ಕಕ್ಕೆ 6.6. ಸಂಜೆ ಆರಕ್ಕೆ 7.0.

ಮರದ ನೆರಳು ತಾರಸಿಗೆ ಬರುವುದು ನಾಲ್ಕರ ನಂತರ. ನಾಲ್ಕರಿಂದ ಆರರವರೆಗೆ ಬಂದದ್ದು 0.4 ಯೂನಿಟ್. ಎಲ್ಲ ಸರಿಯಿದ್ದ ದಿನ ಅದರ ಎರಡರಷ್ಟು, 0.8 ಬರುತ್ತಿತ್ತು ಎಂದೇ ಇಟ್ಟುಕೊಳ್ಳಿ. ಮರ ಆ ಹೊತ್ತಿನ ಪೂರ್ತಿ ಬಿಸಿಲನ್ನು ನುಂಗಿದರೂ ಒಂದು ಯೂನಿಟ್ ತಿನ್ನಲಾರದು. ಕಳೆದಿದ್ದು ಏಳು. “ಕಳ್ಳನ ಜೇಬು ಚಿಕ್ಕದು ತಾತಾ” ಅಂದಳು. ನೆತ್ತಿಯ ಮೇಲೆ ಸೂರ್ಯ ಇದ್ದಾಗ, ಯಾವ ಮರದ ನೆರಳೂ ಇಲ್ಲದ ಹೊತ್ತಿನಲ್ಲೇ ಅರ್ಧ ಕಾಣೆಯಾಗುತ್ತಿತ್ತು.

ನಾನು ಕೂಡಲೇ ಎದ್ದು ಪಕ್ಕದ ಮನೆಗೆ ಹೋದೆ. ಆ ವಿಷಯ ಆಮೇಲೆ.

ಅಷ್ಟರಲ್ಲಿ ಹುಡುಗಿ ಗುರುವಾರದ 9.8 ಹಿಡಿದುಕೊಂಡಿದ್ದಳು. ಹದಿನಾಲ್ಕೂ ಅಲ್ಲ, ಏಳೂ ಅಲ್ಲ, ಅದೇಕೆ ನಡುವೆ? ಏನಾಯಿತೋ ಅದು ಗುರುವಾರ ಹಗಲಲ್ಲೇ ಆಗಿರಬೇಕು. ಲೆಕ್ಕ ಹಾಕಿದಳು. ಬರಬೇಕಿದ್ದದ್ದು 14, ಬಂದದ್ದು 9.8, ನಷ್ಟ 4.2. ಕೆಟ್ಟ ಮೇಲೆ ಅರ್ಧ ಮಾತ್ರ ಬರುತ್ತಿದ್ದರೆ, ಆ 4.2 ಎನ್ನುವುದು ಕೆಟ್ಟ ಮೇಲೆ ಬರಬೇಕಿದ್ದುದರ ಅರ್ಧ. ಹಾಗಾದರೆ ಬರಬೇಕಿದ್ದದ್ದು 8.4. ಹದಿನಾಲ್ಕರಲ್ಲಿ ಅದನ್ನು ಕಳೆದರೆ 5.6, ಅದು ಕೆಡುವ ಮೊದಲೇ ಬಂದದ್ದು. ಇವತ್ತು ಅರ್ಧ ಶಕ್ತಿಯಲ್ಲಿ ಹನ್ನೆರಡು ಗಂಟೆಗೆ 2.8 ಬಂದಿದೆ. ಅದರ ಎರಡರಷ್ಟು 5.6. ಅಂದರೆ ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಏನೋ ನಡೆದಿದೆ!

ಪರೀಕ್ಷೆಗೆ ಗಣಿತ ಓದು ಎಂದರೆ ಮುಖ ಗಂಟಿಕ್ಕುವ ಹುಡುಗಿ ಇವಳೇ.

ಇನ್ನು ಆ ಅರ್ಧದ ವಿಳಾಸ. ಹತ್ತು ಪ್ಯಾನೆಲ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಜೋಡಿಸಿರುವುದಿಲ್ಲ. ಸಾಲಿನ ಐದನ್ನು ರೈಲಿನ ಬೋಗಿಗಳಂತೆ ಒಂದಕ್ಕೊಂದು ಕೊಂಡಿ ಹಾಕಿ, ಆ ಸಾಲಿನ ಎರಡು ತಂತಿಗಳನ್ನು ಮಾತ್ರ ಕೆಳಗೆ ಇಳಿಸಿರುತ್ತಾರೆ. ಒಂದು ಕೊಂಡಿ ಬಿಟ್ಟರೂ ಐದೂ ಪ್ಯಾನೆಲ್ ನಿಂತುಹೋಗುತ್ತವೆ. ನಮ್ಮಲ್ಲಿ ಸಾಲು ಎರಡು, ನಿಂತದ್ದು ಅರ್ಧ. ಪೆಟ್ಟಿಗೆಯಲ್ಲಿ ಪರದೆಯ ಕೆಳಗೆ ಒಂದು ಗುಂಡಿ ಇದೆ. ಆರು ವರ್ಷದಲ್ಲಿ ನಾನು ಅದನ್ನು ಒಂದು ದಿನವೂ ಒತ್ತಿರಲಿಲ್ಲ. ಅವಳು ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಒತ್ತಿದಳು. ಪರದೆಯಲ್ಲಿ ಮೊದಲ ಸಾಲು: 172 ವೋಲ್ಟ್, 7.2 ಆಂಪಿಯರ್. ಗುಣಿಸಿದರೆ 1,238 ವಾಟ್. ಮತ್ತೊಮ್ಮೆ ಒತ್ತಿದಾಗ ಎರಡನೇ ಸಾಲು: ಸೊನ್ನೆ, ಸೊನ್ನೆ. ನಾನು ಮರವನ್ನು ದೂರುತ್ತಿದ್ದಾಗಲೆಲ್ಲ ಉತ್ತರ ಆ ಗುಂಡಿಯ ಹಿಂದೆ ಕೂತಿತ್ತು.

ಇಲ್ಲಿಗೆ ನಮ್ಮಿಬ್ಬರ ಕೆಲಸ ಮುಗಿಯಿತು. ಸಾಲು ಎಲ್ಲಿ ತುಂಡಾಗಿದೆ ಎಂದು ನಾವೇ ತಾರಸಿ ಹತ್ತಿ ತಂತಿ ಎಳೆದು ನೋಡಲಿಲ್ಲ. ಕಾರಣ ಹೇಳಲೇಬೇಕು, ಏಕೆಂದರೆ ನನ್ನ ವಯಸ್ಸಿನ ಕೈ ಕುಶಲಿಗಳು ಬಹಳ ಜನ ಇದ್ದಾರೆ. ಮನೆಯ ಫ್ಯಾನಿಗೆ ಸ್ವಿಚ್ ಇದೆ, ಪ್ಯಾನೆಲ್‌ಗೆ ಇಲ್ಲ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದು ವಿದ್ಯುತ್ ತಯಾರಿಸುತ್ತಲೇ ಇರುತ್ತದೆ. ಐದು ಸೇರಿದರೆ ಇನ್ನೂರು ವೋಲ್ಟ್ ದಾಟುತ್ತದೆ. ಅದೂ ಡಿಸಿ ಕರೆಂಟ್. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ಹೊತ್ತಿದರೂ ಆರುವುದಕ್ಕೆ ಅವಕಾಶವಿದೆ. ಡಿಸಿ ಎಡೆಬಿಡದೆ ಹರಿಯುತ್ತದೆ, ಅದರ ಕಿಡಿ ಸುಲಭಕ್ಕೆ ಆರದು. ಹರಿಯುತ್ತಿರುವ ಸಾಲಿನ ಕೊಂಡಿಯನ್ನು ಕೈಯಿಂದ ಬಿಚ್ಚಿದರೆ ಬೆರಳು, ಕೊಂಡಿ ಎರಡೂ ಸುಡುತ್ತವೆ. ನೋಡುವುದು, ಓದುವುದು, ಬರೆಯುವುದು ನಮ್ಮದು, ಮುಟ್ಟುವುದು ತಿಳಿದವರದು. ತೊಳೆಯುವುದಕ್ಕೂ ಇದೇ ಮಾತು. ತೊಳೆಯುವುದಿದ್ದರೆ ಬೆಳಗಿನ ತಂಪಿನಲ್ಲಿ, ತಾರಸಿಯ ಮೇಲೆ ಗಟ್ಟಿಯಾಗಿ ನಿಂತು, ಉದ್ದ ಹಿಡಿಯ ಬ್ರಷ್‌ನಲ್ಲಿ. ನಡುಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಹೊಯ್ದರೆ ಗಾಜು ಬಿರಿಯಬಹುದು. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ.

ಸೋಮವಾರ ತಂತ್ರಜ್ಞ ಹುಡುಗ ಬಂದ. ಅವನು ಮಾಡಿದ ಕ್ರಮ ನೋಡಲು ಚೆನ್ನಾಗಿತ್ತು. ಮೊದಲು ಇನ್ವರ್ಟರ್ ನಿಲ್ಲಿಸಿದ, ಆಮೇಲೆ ಡಿಸಿ ಸ್ವಿಚ್ ತೆಗೆದ. ಗೋಡೆಯ ಪೆಟ್ಟಿಗೆಯಲ್ಲಿದ್ದ ಫ್ಯೂಸ್ ಪರೀಕ್ಷಿಸಿದ, ಚೆನ್ನಾಗಿತ್ತು. ಅಲ್ಲಿಗೆ ತಪ್ಪು ತಾರಸಿಯ ಮೇಲೇ ಎಂದಾಯಿತು. ಹಿಂದಿನ ಸಾಲಿನ ಅಡಿಗೆ ಟಾರ್ಚ್ ಬಿಟ್ಟು ಬಗ್ಗಿ ನೋಡುತ್ತ ಹೋದ. ಮೂರನೆಯ ಮತ್ತು ನಾಲ್ಕನೆಯ ಪ್ಯಾನೆಲ್ ನಡುವೆ ನಿಂತು, “ಸಿಕ್ತು ಸಾರ್” ಅಂದ.

ಕೈಗವಸು ಹಾಕಿ ಅವನು ಬಿಚ್ಚಿ ತಂದ ಕೊಂಡಿ ಕಿರುಬೆರಳಿನಷ್ಟು ಉದ್ದ. ಒಂದು ಮಗ್ಗುಲು ಕರಗಿ ಕಪ್ಪಗಾಗಿತ್ತು. ತಂತಿಯ ತುದಿಗೆ ಲೋಹದ ಪಿನ್ನನ್ನು ಇಕ್ಕಳದಂಥ ಉಪಕರಣದಿಂದ ಬಿಗಿಯಾಗಿ ಒತ್ತಿ ಕೂರಿಸಬೇಕು. ಆರು ವರ್ಷದ ಹಿಂದೆ ಇದನ್ನು ಹಾಕಿದವರು ಅರೆಬರೆ ಒತ್ತಿದ್ದರು. ಮೇಲಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪುಡಿಯಾಗಿ ಕೊಂಡಿ ತಾರಸಿಯ ಮೇಲೆ ಬಿದ್ದಿತ್ತು. ಎರಡು ಮಳೆಗಾಲ ನೀರಲ್ಲಿ ನೆನೆದು ಪಿನ್ ಕಿಲುಬು ಹಿಡಿದಿತ್ತು. ಸಡಿಲ ಜಾಗದಲ್ಲಿ ಕರೆಂಟಿಗೆ ತಡೆ ಹೆಚ್ಚು. ತಡೆ ಇದ್ದಲ್ಲಿ ಶಾಖ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಒಂದೆರಡು ಆಂಪಿಯರ್ ಹರಿಯುವಾಗ ತಡೆದುಕೊಂಡದ್ದು, ಬಿಸಿಲೇರಿ ಏಳು ಆಂಪಿಯರ್ ಹರಿದಾಗ ಸುಟ್ಟಿತು. ಯಾವ ಹೊತ್ತಿಗೆ ಸುಟ್ಟಿರಬಹುದು ಎಂದು ಕೇಳಿದೆ. “ಹೇಳಕ್ಕಾಗಲ್ಲ ಸಾರ್, ಆದರೆ ಇಂಥವು ಸಾಮಾನ್ಯವಾಗಿ ನಡುಹಗಲಲ್ಲೇ ಹೋಗೋದು” ಅಂದ. ಮೊಮ್ಮಗಳು ಶಾಲೆಗೆ ಹೋಗಿದ್ದಳು. ಇದನ್ನು ಕೇಳಲು ಅವಳಿರಬೇಕಿತ್ತು.

ಎರಡು ಮಗ್ಗುಲಿಗೂ ಒಂದೇ ಕಂಪನಿಯ ಹೊಸ ಕೊಂಡಿ ಹಾಕಿದ. ಬೇರೆ ಬೇರೆ ಕಂಪನಿಯವು ಹೊರಗಿನಿಂದ ಹೊಂದಿದಂತೆ ಕಂಡರೂ ಒಳಗೆ ಸರಿಯಾಗಿ ಕೂರುವುದಿಲ್ಲವಂತೆ. ಉಳಿದ ಕೊಂಡಿಗಳನ್ನೂ ಮುಟ್ಟಿ ನೋಡಿ, ಬಿಸಿಲು ತಡೆಯುವ ಕಪ್ಪು ಪಟ್ಟಿಯಿಂದ ಮೇಲಕ್ಕೆ ಕಟ್ಟಿದ. ಕೂಲಿ, ಸಾಮಾನು ಸೇರಿ ಒಂಬೈನೂರು ರೂಪಾಯಿ. ಸುಟ್ಟ ಕೊಂಡಿಯನ್ನು ಇಸಿದುಕೊಂಡು ಇಟ್ಟಿದ್ದೇನೆ.

ಎಲ್ಲರ ಮನೆಯ ತಪ್ಪೂ ಅರ್ಧಕ್ಕೆ ಸರಿಯಾಗಿ ಬರುವುದಿಲ್ಲ. ಆ ಹುಡುಗ ಕಾಫಿ ಕುಡಿಯುತ್ತ ಹೇಳಿದ್ದನ್ನೂ ನನ್ನ ಪುಸ್ತಕದಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಧೂಳು ನಿಧಾನದ ಕಳ್ಳ. ವಾರ ವಾರಕ್ಕೆ ಚೂರು ಚೂರು ತೆಗೆದು, ಒಂದು ಜೋರು ಮಳೆ ಬಂದ ದಿನ ತಾನಾಗಿ ವಾಪಸು ಕೊಡುತ್ತದೆ. ನೆರಳು ದಿನಾ ಅದೇ ಗಂಟೆಗೆ ಬರುತ್ತದೆ, ಋತು ಬದಲಾದಂತೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಅದರ ಮೈ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಏರಿದಂತೆ ನೂರಕ್ಕೆ 0.4ರಷ್ಟು ಶಕ್ತಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಮೈ 60 ಡಿಗ್ರಿಗೆ ಕಾದಾಗ ನೂರಕ್ಕೆ ಹದಿನಾಲ್ಕರಷ್ಟು ಅಲ್ಲೇ ಹೋಯಿತು. ಇಷ್ಟು ಬಿಸಿಲಿದೆ, ಕರೆಂಟು ಯಾಕೆ ಹೆಚ್ಚಿಲ್ಲ ಎಂದು ಬೇಸಿಗೆಯಲ್ಲಿ ತಂತ್ರಜ್ಞರನ್ನು ಕರೆಸುವವರು ಬಹಳ ಜನವಂತೆ.

ಬೀದಿಯಲ್ಲಿ ಕರೆಂಟು ಹೋದರೆ ಬ್ಯಾಟರಿ ಇಲ್ಲದ ನಮ್ಮಂಥವರ ಸೋಲಾರ್ ಕೂಡ ನಿಲ್ಲುತ್ತದೆ, ಇದು ಅನೇಕರಿಗೆ ಆಶ್ಚರ್ಯ. ಲೈನ್‌ಮನ್ ಕಂಬ ಹತ್ತಿ ರಿಪೇರಿ ಮಾಡುವಾಗ ನಮ್ಮ ಮನೆಯಿಂದ ತಂತಿಗೆ ಕರೆಂಟು ಹರಿದರೆ ಅವರ ಜೀವಕ್ಕೆ ಅಪಾಯ. ಅದಕ್ಕೇ ಇನ್ವರ್ಟರ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಆದ್ದರಿಂದ ಉತ್ಪಾದನೆ ಇಳಿದ ದಿನ ಮೊದಲು ಷರಾ ನೋಡಬೇಕು: ಹಗಲು ಎಷ್ಟು ಹೊತ್ತು ಕರೆಂಟು ಇರಲಿಲ್ಲ?

ನಮ್ಮ ಸೊಸೆಯ ತವರಿನಲ್ಲಿ ಇನ್ನೊಂದು ಬಗೆ. ಅವರ ಬಡಾವಣೆಯಲ್ಲಿ ಮನೆಮನೆಗೂ ಸೋಲಾರ್. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ತಂತಿಗೆ ಕರೆಂಟು ತುಂಬುವಾಗ ಬೀದಿಯ ವೋಲ್ಟೇಜ್ ಏರುತ್ತದೆ. 230 ಇರಬೇಕಾದದ್ದು ನೂರಕ್ಕೆ ಹತ್ತು ಹೆಚ್ಚಾಗಿ 253 ದಾಟಿದರೆ ನಿಯಮದಂತೆ ಇನ್ವರ್ಟರ್ ಕಳಚಿಕೊಳ್ಳಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸೇರುತ್ತದೆ, ಮತ್ತೆ ಕಳಚಿಕೊಳ್ಳುತ್ತದೆ. ಹತ್ತು ಗಂಟೆಗೆ ಚೆನ್ನಾಗಿದ್ದು ಒಂದು ಗಂಟೆಗೆ ಸೊನ್ನೆ, ಎರಡಕ್ಕೆ ಮತ್ತೆ ಚೆನ್ನ! ಅಲ್ಲಿ ಪ್ಯಾನೆಲ್ ತೊಳೆದು ಫಲವಿಲ್ಲ. ಪರದೆಯಲ್ಲಿ ಆ ಹೊತ್ತಿನ ವೋಲ್ಟೇಜ್ ನೋಡಿ ಬರೆದಿಟ್ಟು ವಿದ್ಯುತ್ ಕಚೇರಿಗೆ ಕೊಡಬೇಕು. ಪೆಟ್ಟಿಗೆಯಿಂದ ಮೀಟರಿಗೆ ಹೋಗುವ ತಂತಿ ತೆಳ್ಳಗಿದ್ದು ಉದ್ದವಾಗಿದ್ದರೂ ಇದೇ ತೊಂದರೆ ಕಾಣುತ್ತದೆ.

ಹಿಡಿಯಲು ಕಷ್ಟವಾದದ್ದು ಚಿಕ್ಕ ಕಳ್ಳತನ. ನಮ್ಮಂಥ ಪ್ಯಾನೆಲ್ ಒಳಗೆ ಮೂರು ಭಾಗಗಳು. ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಕರೆಂಟು ಮುಂದೆ ಹೋಗಲೆಂದು ಒಂದೊಂದಕ್ಕೂ ಒಂದು ಡಯೋಡ್. ಅದೊಂದು ಕೆಟ್ಟು ಮುಚ್ಚಿಕೊಂಡರೆ ಆ ಭಾಗ ಬಿಸಿಲಿದ್ದಾಗಲೂ ಲೆಕ್ಕಕ್ಕಿಲ್ಲ. ನಮ್ಮ ಹತ್ತು ಪ್ಯಾನೆಲ್‌ನಲ್ಲಿ ಮೂವತ್ತರಲ್ಲಿ ಒಂದು ಪಾಲು, ದಿನಕ್ಕೆ ಅರ್ಧ ಯೂನಿಟ್ ಒಳಗೆ. ಬರೆದಿಡುವ ಪುಸ್ತಕ ಇಲ್ಲದವರಿಗೆ ಅದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಭಾನುವಾರ ಮೇಷ್ಟ್ರ ಮನೆಗೆ ಹೋದೆನಲ್ಲ, ಮರದ ಆಳನ್ನು ಬೇಡವೆನ್ನಿ ಎಂದು ಹೇಳಿದೆ. ನೋಟ್‌ಪುಸ್ತಕವನ್ನೂ ಒಯ್ದಿದ್ದೆ. ಅವರು ಗಣಿತದ ಮೇಷ್ಟ್ರು. ಅಂಕಿಗಳನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿ, “ಇದು ಶುಕ್ರವಾರವೇ ಗೊತ್ತಾಗಬೇಕಿತ್ತು” ಅಂದರು. ಹೌದು ಅಂದೆ. ಕಾಫಿ ಕೊಟ್ಟರು. ಮರ ಉಳಿಯಿತು. ಕೊಂಬೆ ಹೋದದ್ದು ಹೋಯಿತು.

ಮಂಗಳವಾರದಿಂದ ಪುಸ್ತಕದಲ್ಲಿ ಮತ್ತೆ ಹದಿನಾಲ್ಕರ ಅಂಕಿಗಳು. ಮುಂದಿನ ವಾರ ಮೊಮ್ಮಗಳು ಬಂದಾಗ, ಕೊಂಬೆ ಇಲ್ಲದ್ದರಿಂದ ನಮಗೆ ಸಿಕ್ಕಿದ್ದೆಷ್ಟು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಕೆಡುವ ಮೊದಲಿನ ತಿಳಿ ಬಿಸಿಲಿನ ದಿನಗಳ ಸರಾಸರಿ 14.0. ಸರಿಯಾದ ಮೇಲಿನದು 14.3. ವ್ಯತ್ಯಾಸ 0.3 ಯೂನಿಟ್; ಅರುವತ್ತು ವಾಟಿನ ಒಂದು ಫ್ಯಾನ್ ಐದು ಗಂಟೆ ತಿರುಗುವಷ್ಟು. ಅದರಲ್ಲೂ ಹಗಲು ಉದ್ದವಾಗುತ್ತಿರುವುದರ ಪಾಲು ಸ್ವಲ್ಪ ಇದೆಯಲ್ಲ ತಾತಾ ಎಂದು ಷರಾ ಕಾಲಂನಲ್ಲಿ ಅವಳೇ ಪೆನ್ಸಿಲಿನಲ್ಲಿ ಬರೆದಿದ್ದಾಳೆ.